ಹತ್ತು ಎಣಿಸುವಷ್ಟು ಹೊತ್ತು

ಬಡಾವಣೆಯವರೆಲ್ಲ ಅವರನ್ನು ಏಣಿ ಮಾಮ ಎಂದೇ ಕರೆಯುತ್ತಿದ್ದರು. ನಲವತ್ತು ವರ್ಷ ಗೋಡೆಗಳಿಗೆ ಬಣ್ಣ ಬಳಿದ ಮನುಷ್ಯ. ಐದನೇ ಮಹಡಿಯ ಹೊರಗೆ ಎರಡು ಹಲಗೆಯ ಮೇಲೆ ನಿಂತು ಶಿಳ್ಳೆ ಹೊಡೆಯುತ್ತಿದ್ದವರು, ಎಪ್ಪತ್ತೆರಡನೇ ವಯಸ್ಸಿನಲ್ಲಿ ಬಚ್ಚಲುಮನೆಯ ಸಪಾಟು ನೆಲದಲ್ಲಿ ಬಿದ್ದರು. ಮೂಳೆಗೇನೂ ಆಗಲಿಲ್ಲ, ಧೈರ್ಯ ಮಾತ್ರ ಉಡುಗಿಹೋಯಿತು.

ಆಮೇಲೆ ಮಂಚದಿಂದ ಕಾಲಿಳಿಸಿದರೂ ಜೀವ ಬಾಯಿಗೆ ಬರುತ್ತಿತ್ತು. ಮನೆಯಲ್ಲಿರುವುದು ಅವರು ಮತ್ತು ಬಸ್ ಕಂಡಕ್ಟರ್ ಆಗಿರುವ ಮಗಳು, ಇಬ್ಬರೇ. ಅವಳು ಎರಡು ತಿಂಗಳು ರಜೆ ಹಾಕಿ ಅಪ್ಪನ ಹಿಂದೆ ಮುಂದೆ ಸುತ್ತತೊಡಗಿದಳು.

ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಒಂದು ದಪ್ಪ ಕನ್ನಡಕ ತಂದುಕೊಟ್ಟಳು. ಹಾಕಿಕೊಂಡರೆ ಕಾಣುವುದು ಮನೆಯ ಹಜಾರವೇ. ಆದರೆ ಅದರೊಳಗೆ ತೈ ಚಿ ಎಂಬ ಚೀನಾದ ನಿಧಾನಗತಿಯ ವ್ಯಾಯಾಮ ಕಲಿಸುವ ಗುರುವೊಬ್ಬ ಬಂದು ನಿಂತಿರುತ್ತಾನೆ. ನಾವು ಹೆಜ್ಜೆಯಿಡಬೇಕಾದಲ್ಲಿ ನೆಲದ ಮೇಲೆ ಹಸಿರು ಪಾದಗಳು ಹೊಳೆಯುತ್ತವೆ. ಗುರು ಅವಸರವೇ ಗೊತ್ತಿಲ್ಲದವನಂತೆ ಕೈಯಾಡಿಸುತ್ತಾ ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟಿಸುತ್ತಾನೆ. ಚಂದಕ್ಕಿರಲಿ ಎಂದು ಯಾರೋ ಪುಣ್ಯಾತ್ಮ ಕನ್ನಡಕದೊಳಗೆ ಆ ಗುರುವಿನ ಪಕ್ಕದಲ್ಲೊಂದು ಮರದ ಕಂಬವನ್ನೂ ನಿಲ್ಲಿಸಿದ್ದ.

ಮೊದಲ ದಿನವೇ ಏಣಿ ಮಾಮ ವಾಲಿದರು. ಕಾಲು ಜಾರಿದರೆ ಕಂಬ ಹಿಡಿ ಎಂಬುದು ನಲವತ್ತು ವರ್ಷದ ಪಾಠ. ಕೈ ತಾನಾಗಿಯೇ ಹೋಗಿ ಆ ಕಂಬವನ್ನು ತಬ್ಬಿತು. ಕಂಬ ಇದ್ದರಲ್ಲವೇ? ಮುಂಜಾಗ್ರತೆಗೆಂದು ಹಾಸಿದ್ದ ಹಾಸಿಗೆಯ ಮೇಲೆ ದೊಪ್ಪನೆ ಬಿದ್ದರು.

ಅಂದಿನಿಂದ ಕನ್ನಡಕ ತೆಗೆದ ಮೇಲೂ ಅವರಿಗೆ ಯಾವುದರ ಮೇಲೂ ನಂಬಿಕೆ ಉಳಿಯಲಿಲ್ಲ. ಬಣ್ಣ ಬಳಿಯುವ ಮುಂಚೆ ಗಾರೆ ಪೊಳ್ಳೋ ಗಟ್ಟಿಯೋ ಎಂದು ಬೆರಳ ಗೆಣ್ಣಿನಿಂದ ತಟ್ಟಿ ನೋಡುವುದು ಆ ಕಸುಬಿನವರ ರೂಢಿ. ಈಗ ಕುರ್ಚಿ, ಬೀರು, ಬಾಗಿಲ ಚೌಕಟ್ಟು, ಎಲ್ಲವನ್ನೂ ಟಕಟಕ ತಟ್ಟಿಯೇ ಹಿಡಿಯುತ್ತಿದ್ದರು.

“ಅಪ್ಪ, ಅದು ನಮ್ಮನೆ ಗೋಡೆ. ನೀನೇ ಬಣ್ಣ ಹೊಡೆದಿದ್ದು,” ಎಂದಳು ಮಗಳು.

“ಇರ್ಲಿ ಬಿಡೇ. ಒಂದ್ಮಾತು ಕೇಳಿ ಹಿಡ್ಕೊಂಡ್ರೆ ಗೋಡೆಗೇನು ಬೇಜಾರಾ?”

ನಗಿಸಲೆಂದು ಹೇಳಿದರೂ ಇನ್ನೊಮ್ಮೆ ತಟ್ಟಿಯೇ ಗೋಡೆ ಹಿಡಿದರು.

ರಜೆಯ ಕೊನೆಯ ದಿನ ಫಿಸಿಯೋಥೆರಪಿಸ್ಟ್ ಪರೀಕ್ಷೆಗೆ ಬಂದಳು. “ಏನೂ ಹಿಡೀದೆ ಒಂಟಿಕಾಲಲ್ಲಿ ನಿಲ್ಬೇಕು, ಹತ್ತು ಎಣಿಸೋವರೆಗೂ. ಆಗ್ಲಿಲ್ಲ ಅಂದ್ರೆ ನಿಮ್ಮನ್ನ ಒಬ್ರನ್ನೇ ಬಿಡೋ ಹಾಗಿಲ್ಲ.”

ಆಗದಿದ್ದರೆ ಕೊಡಲೆಂದು ಮಗಳು ರಾಜೀನಾಮೆ ಪತ್ರ ಬರೆದು ಬೀರುವಿನಲ್ಲಿಟ್ಟಿದ್ದಳು. ಏಣಿ ಮಾಮ ಅದನ್ನು ನೋಡಿಬಿಟ್ಟಿದ್ದರು.

ಕನ್ನಡಕ ಹಾಕಿಕೊಂಡರು. ಗುರು ಕಾಲೆತ್ತಿದ, ಇವರೂ ಎತ್ತಿದರು. ಒಂದು, ಎರಡು, ಮೂರು. ಕಣಕಾಲು ನಡುಗಿತು. ಕಂಬ ಕೈಗೆ ಸಿಗುವಂತೆಯೇ ನಿಂತಿತ್ತು, ಹಾಳಾದ್ದು. ಅವರು ಮುಷ್ಟಿ ಬಿಗಿಹಿಡಿದು ಉಸಿರನ್ನು ಕೆಳಗಿಳಿಸಿದರು. ಆರು, ಏಳು.

ಎಂಟಕ್ಕೆ ಇನ್ನೊಂದು ವಿಚಾರ ಹೊಳೆಯಿತು. ಗೆದ್ದರೆ ನಾಳೆ ಬೆಳಗ್ಗೆಯಿಂದ ಈ ಮನೆಯಲ್ಲಿ ಯಾರೂ ಇರುವುದಿಲ್ಲ. ಬಿದ್ದರೆ ಎತ್ತುವವರಿಲ್ಲ, ಕೂಗಿದರೆ ಕೇಳುವವರಿಲ್ಲ. ಈಗಲೇ ಕಾಲಿಳಿಸಿಬಿಟ್ಟರೆ? ಪಾಪ, ವಯಸ್ಸಾಯಿತು ಎನ್ನುತ್ತಾರೆ ಅಷ್ಟೇ. ಬೇಕೆಂದೇ ಇಳಿಸಿದ್ದೆಂದು ಯಾರಿಗೂ ಗೊತ್ತಾಗುವುದಿಲ್ಲ.

ಒಂಬತ್ತು. ಹತ್ತು.

“ಆಯ್ತು ಮಾಮ, ಕಾಲಿಳಿಸಿ,” ಎಂದಳು ಫಿಸಿಯೋಥೆರಪಿಸ್ಟ್. ಅವರು ಇಳಿಸಲಿಲ್ಲ. ಹನ್ನೊಂದು, ಹನ್ನೆರಡು, ಹದಿಮೂರು. ಇಳಿಸಿದ ಗಳಿಗೆಯಿಂದ ಒಂಟಿಯಾಗುತ್ತೇನೆಂಬ ಭಯ ಅವರನ್ನು ಅಲ್ಲೇ ನಿಲ್ಲಿಸಿತ್ತು.

ಮರುದಿನ ಬೆಳಗ್ಗೆ ಮಗಳು ಟಿಕೆಟ್ ಯಂತ್ರದ ಚೀಲ ಹೆಗಲಿಗೇರಿಸಿದಳು. “ಎರಡು ಗಂಟೆಗೆಲ್ಲ ಬಂದ್ಬಿಡ್ತೀನಿ ಅಪ್ಪ,” ಎಂದು ಬಾಗಿಲೆಳೆದುಕೊಂಡಳು.

ಏಣಿ ಮಾಮ ಒಳಗೆ ಒಬ್ಬರೇ ಉಳಿದರು. ಬಾಗಿಲನ್ನೇ ಹಿಡಿಯೋಣವೆಂದು ರೂಢಿಯಂತೆ ಗೆಣ್ಣಿನಿಂದ ಎರಡು ಸಲ ತಟ್ಟಿದರು.

ಆಚೆಯಿಂದಲೂ ಎರಡು ಸಲ ಟಕಟಕ ಎಂದಿತು. ಅವಳಿನ್ನೂ ಅಲ್ಲೇ ನಿಂತಿದ್ದಳು.

“ಅಪ್ಪ, ಬಿದ್ಯಾ?” ಎಂದು ಆಚೆಯಿಂದಲೇ ಕೇಳಿದಳು.

ಅವರು ಬಾಗಿಲಿಗೆ ಎರಡೂ ಅಂಗೈ ಊರಿದರು. “ಇಲ್ಲಮ್ಮ, ನಿಂತಿದೀನಿ. ನೀನು ಹೋಗು, ಬಸ್ ಹೊರಡುತ್ತೆ.”

ಹೆಜ್ಜೆಯ ಸದ್ದು ಮೆಟ್ಟಿಲಿಳಿದು ದೂರವಾಗುವವರೆಗೆ ಕಾದರು. ಆಮೇಲೆ ಮೊದಲು ಎಡಗೈಯನ್ನು, ತುಸು ಹೊತ್ತಿನ ಮೇಲೆ ಬಲಗೈಯನ್ನು ಬಾಗಿಲಿನಿಂದ ತೆಗೆದರು.