ಹೊಸ ಡೇಟಾಬೇಸಿನಲ್ಲಿ ಎದ್ದ ಬೀಜ

1989ರಲ್ಲಿ, ಒಂಬತ್ತನೆಯ ತರಗತಿಯ ನಡುವೆ, ನಮ್ಮೂರು ನಾರ್ವದ ಶಾಲೆ ಬಿಟ್ಟೆ. ಕಂಪ್ಯೂಟರ್ ಕಲಿತದ್ದು ನಾರಾಯಣಪೇಟೆಯ ಟೈಪಿಂಗ್ ಕೇಂದ್ರದಲ್ಲಿ, ಅಲ್ಲಿ ಕಸ ಗುಡಿಸುತ್ತ. 1998ರಲ್ಲಿ ಗದ್ವಾಲದ ಒಂದು ಹತ್ತಿಬೀಜ ಕಂಪನಿಗೆ ಫಾಕ್ಸ್‌ಪ್ರೊ ಎಂಬ ಡೇಟಾಬೇಸಿನಲ್ಲಿ ಸಾಫ್ಟ್‌ವೇರ್ ಬರೆದವನು ನಾನೊಬ್ಬನೇ. ಬೀಜ ಯಾವ ರೈತನದು, ಯಾವ ಲಾಟ್, ಮೊಳಕೆ ಪರೀಕ್ಷೆಯಲ್ಲಿ ನೂರಕ್ಕೆ ಎಷ್ಟು ಕಾಳು ಎದ್ದವು, ಯಾವ ಲಾಟ್ ಚೀಲ ಸೇರಬೇಕು, ಎಲ್ಲವೂ ಅದರಲ್ಲೇ. ಇಪ್ಪತ್ಮೂರು ವರ್ಷ ಅದರಿಂದಾಗಿ ಒಂದು ದಿನವೂ ಪ್ಯಾಕಿಂಗ್ ನಿಲ್ಲಲು ಬಿಡಲಿಲ್ಲ.

2021ರಲ್ಲೂ ಮಕ್ತಲ್ ಮತ್ತು ನಾರಾಯಣಪೇಟೆಯ ನಮ್ಮ ಬೀಜ ಕೇಂದ್ರಗಳ ಫೈಲುಗಳು ಪೆನ್‌ಡ್ರೈವಿನಲ್ಲಿ, ಬಸ್ ಕಂಡಕ್ಟರನ ಕೈಯಲ್ಲಿ ಗದ್ವಾಲಕ್ಕೆ ಬರುತ್ತಿದ್ದವು. ಫಾಕ್ಸ್‌ಪ್ರೊ ತಯಾರಿಸಿದವರೇ ಅದನ್ನು ಕೈಬಿಟ್ಟು ವರ್ಷಗಳಾಗಿದ್ದವು. ಮುಂದಿನ ಇಪ್ಪತ್ತು ವರ್ಷಕ್ಕೆ ಡೇಟಾ ಎಲ್ಲಿರಬೇಕು ಎಂದು ಕಂಪನಿಯ ಸಾವುಕಾರರು ಕೇಳಿದರು. ಹೈದರಾಬಾದಿನಿಂದ ಕರೆಸಿದ ಇಂಜಿನಿಯರ್ ರವೀಂದರ್ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಹೇಳಿದ. ಲೈಸೆನ್ಸ್ ಬೇಡ, ಮೂರೂ ಊರಿನವರು ಒಂದೇ ಹೊತ್ತಿಗೆ ಒಂದೇ ಡೇಟಾ ನೋಡಬಹುದು ಎಂದ. ನಾನು ಫಾಕ್ಸ್‌ಪ್ರೊವೇ ಇರಲಿ ಎಂದೆ. ನಾಲ್ಕು ಕಾರಣ ಕೊಟ್ಟೆ. ಅದು ಹೋದರೆ ನಾನೂ ಹೋದಂತೆ ಎಂಬ ಐದನೆಯದನ್ನು ಹೇಳಲಿಲ್ಲ.

ಒಂದು ತಿಂಗಳು ಎರಡನ್ನೂ ಜೊತೆಗೆ ನಡೆಸಿ, ಆಮೇಲೆ ಒಂದನ್ನು ಆರಿಸೋಣ ಎಂದು ತೀರ್ಮಾನವಾಯಿತು. ರವೀಂದರ್ ಡೇಟಾ ನಕಲಿಸಿದ. ಅಲ್ಲೂ 48,612 ದಾಖಲೆ, ಇಲ್ಲೂ 48,612. ಎಲ್ಲರೂ ಚಹಾ ಕುಡಿದರು.

ಹನ್ನೊಂದನೆಯ ದಿನ ಮೊಳಕೆ ಪರೀಕ್ಷೆಯ ಲ್ಯಾಬ್ ನೋಡಿಕೊಳ್ಳುವ ಗೌರಮ್ಮ, ಪ್ಯಾಕಿಂಗಿಗೆ ಸಿದ್ಧ ಎಂದು ಹೊಸ ಡೇಟಾಬೇಸ್ ಕೊಟ್ಟ ಪಟ್ಟಿ ಹಿಡಿದು ಬಂದರು. ಮಕ್ತಲ್‌ದವರು, ಹದಿನೆಂಟು ವರ್ಷದಿಂದ ಕಾಳು ಎಣಿಸುತ್ತಿದ್ದವರು.

"ಇಂಜಿನಿಯರ್ ಸಾಬ್, ಈ ಲಾಟು ನನ್ನ ಟ್ರೇದಾಗ ನೂರಕ್ಕ ನಲ್ವತ್ತು ಕಾಳೂ ಎದ್ದಿಲ್ಲ. ನಿಮ್ಮ ಮಷೀನ್ಯಾಗ ಯಾವ ಗೊಬ್ಬರ ಹಾಕಿ ಎಬ್ಬಿಸೀರಿ?"

ರವೀಂದರ್ ತೆಲುಗಿನಲ್ಲಿ ಏನೋ ಗೊಣಗಿ ಮತ್ತೆ ಎಣಿಸಿದ. ಎಣಿಕೆ ಸರಿಯೇ ಇತ್ತು.

ನನಗೆ ಕೂಡಲೇ ತಿಳಿಯಿತು. ಫಾಕ್ಸ್‌ಪ್ರೊದಲ್ಲಿ ಡಿಲೀಟ್ ಮಾಡಿದರೆ ದಾಖಲೆ ಅಳಿಯುವುದಿಲ್ಲ. ಅದರ ಮೇಲೊಂದು ಗುರುತು ಬಿದ್ದು ಪರದೆಯಿಂದ ಮರೆಯಾಗುತ್ತದೆ, ಅಷ್ಟೇ. ರೀಕಾಲ್ ಕೊಟ್ಟರೆ ಮರಳಿ ಬರುತ್ತದೆ. ಪರೀಕ್ಷೆಯಲ್ಲಿ ಬಿದ್ದ ಲಾಟಿಗೆ ಡಿಲೀಟ್, ಮರುಪರೀಕ್ಷೆಯಲ್ಲಿ ಪಾಸಾದರೆ ರೀಕಾಲ್, ಹೀಗೆ ಬರೆದಿದ್ದೆ. ‘ಫೇಲ್’ ಎಂದು ನಮೂದಿಸಲು ಬೇರೆ ಕಾಲಂ ಇಟ್ಟಿರಲಿಲ್ಲ. ಬೇಗ ಮುಗಿಸಿದೆನೆಂಬ ಹೆಮ್ಮೆ ಇತ್ತು. ಯಾರಿಗೂ ಹೇಳಿರಲಿಲ್ಲ. ಒಟ್ಟು ಎಣಿಕೆಯಲ್ಲಿ ಗುರುತು ಬಿದ್ದವೂ ಸೇರುತ್ತವೆ. ನಕಲು ಮಾಡಿದಾಗ ದಾಖಲೆಗಳು ಬಂದಿದ್ದವು, ಗುರುತು ಬಂದಿರಲಿಲ್ಲ. ಬಿದ್ದ 3,107 ಲಾಟ್‌ಗಳೂ ಪಾಸಾಗಿ ಕುಳಿತಿದ್ದವು. ಆ ವರ್ಷದವೇ 64. ಅವು ಚೀಲ ಸೇರಿದ್ದರೆ ಬಿತ್ತಿದವರ ಹಂಗಾಮು ಮಣ್ಣಾಗುತ್ತಿತ್ತು.

ಮರುದಿನ ಸಾವುಕಾರರು ನಮ್ಮನ್ನೆಲ್ಲ ಕೂಡಿಸಿದರು.

"ಶರಣಪ್ಪ, ನೀ ಅಂದಿದ್ದ ಖರೆ ಆತು. ಹೊಸಾದು ಬ್ಯಾಡ, ಹಳೇದ ಇರಲಿ. ಏನಂತಿ?"

ಹೂಂ ಎಂದರೆ ಸಾಕಿತ್ತು. ನನ್ನ ಸಾಫ್ಟ್‌ವೇರ್ ಉಳಿಯುತ್ತಿತ್ತು, ರವೀಂದರ್ ಬಸ್ ಹತ್ತುತ್ತಿದ್ದ. ಆದರೆ ನಾನಿಲ್ಲದ ಕಾಲಕ್ಕೆ ಇನ್ಯಾರೋ ಹೀಗೇ ನಕಲಿಸಿದಾಗ, ಗೌರಮ್ಮನಂಥವರು ಅಲ್ಲಿ ಇರುತ್ತಾರೆಂದು ಹೇಳುವಂತಿರಲಿಲ್ಲ.

"ಇಂಜಿನಿಯರ್ ಸಾಬರ ತಪ್ಪಲ್ರೀ ಸಾವುಕಾರ್ರೆ. ಫೇಲ್ ಅಂತ ನಾ ಎಲ್ಲೂ ಬರದಿಲ್ಲ, ಡಿಲೀಟ್ ಹೊಡದು ಮುಚ್ಚಿಟ್ಟೀನಿ. ಅವರಿಗೆ ಹೆಂಗ ಗೊತ್ತಾಗಬೇಕು?"



"ಇಷ್ಟು ವರ್ಷ ಇದನ್ನ ನಿನ್ನ ತಲ್ಯಾಗ ಇಟ್ಕೊಂಡು ಕುಂತಿದ್ದೇನು?" ಎಂದರು ಸಾವುಕಾರರು.

ನನಗೆ ಏನಾದರೂ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಮೇಜಿನ ಮೇಲಿನ ನೀರಿನ ಬಾಟಲಿ ನೋಡುತ್ತಿದ್ದೆ. ಗೌರಮ್ಮ ಪಟ್ಟಿ ಮಡಚಿ, "ನಡೀರಿ ಅಣ್ಣಾ, ರಿಜಿಸ್ಟರ್ ತಗೀತೀನಿ" ಎಂದರು.

ಅವರ ಲ್ಯಾಬ್ ರಿಜಿಸ್ಟರುಗಳ ಜೊತೆ ಲಾಟ್‌ಗಳನ್ನು ಒಂದೊಂದಾಗಿ ತಾಳೆ ನೋಡಿ, ಹೊಸ ಕಾಲಂನಲ್ಲಿ ‘ಫೇಲ್’ ಎಂದು ಬರೆಯಲು ಒಂಬತ್ತು ದಿನ ಹಿಡಿಯಿತು. ತಿಂಗಳ ಕೊನೆಗೆ ಆಯ್ಕೆಯಾದದ್ದು ಪೋಸ್ಟ್‌ಗ್ರೆಸ್. ನಾನೂ ಅದಕ್ಕೇ ಒಪ್ಪಿಗೆ ಕೊಟ್ಟೆ. ಹಳೆಯ ಮಷೀನ್ ಆಫ್ ಮಾಡಿದವನೂ ನಾನೇ. ಅದರ ಫ್ಯಾನ್ ನಿಂತಿತು. ಊಟಕ್ಕೆ ಹೋದೆ.

ಡೇಟಾಬೇಸ್ ಯಾವುದೇ ಆಗಲಿ, ಬರೆದವನಿಗೆ ಮಾತ್ರ ಗೊತ್ತಿರುವುದು ಅದರಲ್ಲಿ ಇಲ್ಲವೆಂದೇ ಲೆಕ್ಕ. ಇದನ್ನು ಕಲಿಯಲು ನನಗೆ ಇಪ್ಪತ್ಮೂರು ವರ್ಷ ಬೇಕಾದವು.

ಈಗ ನನಗಿರುವುದು ಒಂದು ಮೇಜು, ಒಂದು ಪಾಸ್‌ವರ್ಡ್, ನಾನು ಬರೆದ ಮೂವತ್ತೇಳು ಪರದೆಗಳಲ್ಲಿ ಹೊಸದರಲ್ಲೂ ಹಾಗೇ ಉಳಿದ ಎರಡು, ನಿವೃತ್ತಿಗೆ ಹತ್ತು ವರ್ಷ.