ನವಿಲಿನ ಗಾದಿಯ ವಿಡಿಯೋ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಊರಿಗೆಲ್ಲ ಬುದ್ಧಿ ಹೇಳುವವರು ಹಾಸಿಗೆ ಹೊಲಿಯುವವಳನ್ನು ಒಮ್ಮೆ ನೋಡಬೇಕು. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಗಾದಿ ಅಂಗಡಿ ನಡೆಸುವ ಫರ್ಜಾನಾಗೆ ಕಾಲು ಚಾಚುವುದಕ್ಕೇ ಪುರಸೊತ್ತಿರಲಿಲ್ಲ. ಹತ್ತಿಯ ಧೂಳು ಕುಡಿದು ಕುಡಿದು ಗಂಡ ದಾದಾಪೀರನಿಗೆ ದಮ್ಮು ಹತ್ತಿದ ಮೇಲೆ ಹತ್ತಿ ಹಿಂಜುವ ಯಂತ್ರವೂ ಅವಳದೇ, ದಬ್ಬಣವೂ ಅವಳದೇ, ಗಿರಾಕಿಯ ಬೈಗುಳವೂ ಅವಳದೇ. ಎದುರಿಗೇ ಫೋಮ್ ಹಾಸಿಗೆಯ ಅಂಗಡಿ ತೆರೆದಾಗಿನಿಂದ ಹತ್ತಿ ಗಾದಿ ಕೇಳಿಕೊಂಡು ಬರುವವರು ಕಮ್ಮಿಯಾಗಿದ್ದರು. ಮೊಬೈಲಿನಲ್ಲಿ ಕಾಣದಿದ್ದರೆ ಅಂಗಡಿ ಇದ್ದೂ ಇಲ್ಲದಂತೆ ಎಂದು ಕಾಲೇಜು ಓದುವ ತಂಗಿಯ ಮಗಳು ಹೇಳಿದಳು. ಸರಿ, ಸಾಲದ್ದಕ್ಕೆ ಅದೊಂದು ಕೆಲಸವೂ ಮೈಮೇಲೆ ಬಂತು.

ಆದರೆ ಹಾಕುವುದು ಏನನ್ನು? ಮೊದಲು ಹೊಸ ಗಾದಿಗಳ ಫೋಟೋ ಹಾಕಿದಳು. ಗಾದಿಯ ಫೋಟೋ ನೋಡಿದವರಿಗೆ ನಿದ್ದೆ ಬಂದಿರಬೇಕು, ಒಬ್ಬರೂ ಕಮಕ್ ಕಿಮಕ್ ಎನ್ನಲಿಲ್ಲ. ಆಮೇಲೆ ಸ್ಟೇಟಸ್ಸಿಗೆ ಗುಲಾಬಿ ಹೂವಿನ ಜೊತೆ ಶುಭೋದಯ. ಗಿರಾಕಿಗಳು ತಿರುಗಿ ಶುಭೋದಯ ಹೇಳಿದರು, ಗಾದಿ ಕೇಳಲಿಲ್ಲ. ಕುಳಿತು ಮಾತಾಡಿ ಹತ್ತಿಯ ಗುಣ ತಿಳಿಸೋಣವೆಂದರೆ ಹುಡುಗಿ ಬೇಡವೆಂದಳು. ಅರ್ಧ ನಿಮಿಷಕ್ಕಿಂತ ಹೆಚ್ಚು ಮಾತಾಡಿದರೆ ಜನ ಬೆರಳು ಸರಿಸಿ ಮುಂದೆ ಹೋಗುತ್ತಾರಂತೆ. ಕೊನೆಗೆ ಹಳೆ ಗಾದಿ ಬಿಚ್ಚುವುದನ್ನು ಆ ಹುಡುಗಿಯೇ ಹಿಡಿದು, ಹಾಡು ಕೂಡಿಸಿ, ರೀಲ್ ಮಾಡಿದಳು. ಕತ್ತರಿ ಹೊಲಿಗೆ ಸೀಳುತ್ತದೆ, ಗಂಟುಗಟ್ಟಿದ ಹತ್ತಿ ಹೊರಬೀಳುತ್ತದೆ, ಯಂತ್ರದೊಳಗೆ ಹೋಗಿ ಅರಳಿ ಬರುತ್ತದೆ. ಅದು ಓಡಿತು. ರೂಪನಗುಡಿಯಿಂದ, ಸಿರುಗುಪ್ಪದಿಂದ ಫೋನು ಬಂದವು. ಜನಕ್ಕೆ ಬೇಕಾಗಿದ್ದದ್ದು ಮಂದಿಯ ಮನೆಯ ಕೊಳೆ.

ಅತ್ತೆ ಸರ್ವರಬಿ ಬದುಕಿದ್ದರೆ ಕೈಯಿಂದ ಕತ್ತರಿ ಕಸಿದುಕೊಳ್ಳುತ್ತಿದ್ದಳು. ಹತ್ತಿ ಹಿಂಜುವ ಆ ಮನೆತನದಲ್ಲಿ ಒಂದು ಕಟ್ಟಳೆ ಇತ್ತು: ಮಂದಿಯ ಗಾದಿಯನ್ನು ಬೀದಿಗೆ ಬೆನ್ನು ಮಾಡಿ ಬಿಚ್ಚಬೇಕು. ಮಕ್ಕಳ ಉಚ್ಚೆ, ಬಾಣಂತಿಯ ಕಲೆ, ಮುದುಕರ ಕಾಯಿಲೆ, ಎಲ್ಲ ಇಳಿಯುವುದು ಅದರೊಳಕ್ಕೇ; ಕಂಡದ್ದನ್ನು ಹೊರಗೆ ಆಡಬಾರದು. ಫರ್ಜಾನಾಗೂ ಇದು ಗೊತ್ತಿತ್ತು. ಹೆಸರು ಹೇಳುವುದಿಲ್ಲವಲ್ಲ, ಮುಖ ತೋರಿಸುವುದಿಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ದಣಿದವರಿಗೆ ಇಂಥ ಸಮಾಧಾನ ಬಲು ಬೇಗ ಸಿಗುತ್ತದೆ.

ಕುರುಗೋಡಿನ ಚನ್ನವೀರಮ್ಮ ತಂದುಕೊಟ್ಟ ಗಾದಿಯನ್ನೂ ಒಂದು ಮಾತು ಕೇಳದೆ ಹಾಗೆಯೇ ಮೊಬೈಲಿನ ಮುಂದೆ ಬಿಚ್ಚಿದಳು. ಅದು ಚನ್ನವೀರಮ್ಮನ ಅತ್ತೆಯದು. ಲಕ್ವ ಹೊಡೆದು ಮಾತು ಹೋದ ಮುದುಕಿ ವರ್ಷಗಟ್ಟಲೆ ಅದರ ಮೇಲೇ ಮಲಗಿ ತೀರಿಕೊಂಡಿದ್ದಳು. ಸತ್ತವರ ಹಾಸಿಗೆಯನ್ನು ಎಸೆಯುವುದು ವಾಡಿಕೆ. ಚನ್ನವೀರಮ್ಮನಿಗೆ ಮನಸ್ಸು ಬಾರದೆ, ಹತ್ತಿ ಹಿಂಜಿಸಿ ತಾನೇ ಮಲಗೋಣವೆಂದು ತಂದಿದ್ದಳು. ಹಸಿರು ನವಿಲಿನ ಚಿತ್ತಾರದ ಬಟ್ಟೆ, ಅದರ ತುಂಬ ಈ ತುದಿಯಿಂದ ಆ ತುದಿಯವರೆಗೆ ಕಲೆ. ‘ನಿಮ್ಮ ಗಾದಿಯ ಹೊಟ್ಟೆಯಲ್ಲಿ ಏನಿದೆ ಗೊತ್ತೇ?’ ಎಂದು ತಂಗಿಯ ಮಗಳು ರೀಲಿನ ಮೇಲೆ ಬರೆದಳು. ಹಿಂದಿನ ಎಲ್ಲಕ್ಕಿಂತ ಹೆಚ್ಚು ಜನ ಅದನ್ನು ನೋಡಿದರು.

ವಾರ ಕಳೆದು ಚನ್ನವೀರಮ್ಮ ಬಂದು ಅಂಗಡಿಯ ಸ್ಟೂಲಿನ ಮೇಲೆ ಕುಳಿತಳು. ಜಗಳಕ್ಕೆ ಬಂದಿರಲಿಲ್ಲ, ಜಗಳಕ್ಕೂ ಮೈಯಲ್ಲಿ ತ್ರಾಣ ಬೇಕಲ್ಲ. ಸಿರುಗುಪ್ಪಕ್ಕೆ ಕೊಟ್ಟ ನಾದಿನಿ ಸುಮಂಗಲಾ ಆ ವಿಡಿಯೋ ನೋಡಿ ನವಿಲಿನ ಗುರುತು ಹಿಡಿದಿದ್ದಳು. ಚಿಕ್ಕವಳಿದ್ದಾಗ ಅದೇ ಗಾದಿಯ ಮೇಲೆ ಮಲಗಿ ಬೆಳೆದವಳು. ನಮ್ಮವ್ವನನ್ನು ಎಂಥ ಹೊಲಸಿನಲ್ಲಿ ಹಾಕಿದ್ದಳು ನೋಡಿರಿ ಎಂದು ಬಂಧುಬಳಗಕ್ಕೆಲ್ಲ ಕಳಿಸಿಬಿಟ್ಟಿದ್ದಳು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಗಿತ್ತು ಚನ್ನವೀರಮ್ಮನ ಪಾಡು. ಎಡವಿದವಳು ಮಾತ್ರ ಅವಳಲ್ಲ, ಫರ್ಜಾನಾ.

"ಅತ್ತಿ ಬದುಕಿದ್ದಾಗ ಒಬ್ಬಾಕಿನೂ ಬಂದು ಆ ಗಾದಿ ಮ್ಯಾಲ ಕುಂದರಲಿಲ್ಲವ್ವಾ," ಎಂದಳು. "ಈಗ ಎಲ್ಲಾರೂ ನೋಡ್ಯಾರ."

ಫರ್ಜಾನಾ ನಾಚಿಕೆಯಿಂದ ಹಿಡಿಯಾದಳು. ಆ ಕ್ಷಣವೇ ರೀಲನ್ನು ಅಳಿಸಿದಳು. ಊರೂರಿಗೆ ಹಂಚಿಹೋದದ್ದನ್ನು ಇಲ್ಲಿ ಅಳಿಸಿ ಏನು ಬಂತು? ನಂಬರು ಇಸಿದುಕೊಂಡು ಸುಮಂಗಲಾಗೆ ಫೋನು ಹಚ್ಚಿದಳು. ಗಾದಿ ಬಿಚ್ಚಿದವಳು ತಾನು, ಒಳಗೇನಿತ್ತೆಂದು ತನಗೆ ಗೊತ್ತು ಎಂದಳು. ಮಲಗಿದವರನ್ನು ಹೊರಳಿಸದೆ ಬಿಟ್ಟರೆ ಕಲೆ ಒಂದೇ ಕಡೆ ಕೂತು, ಕೆಳಗಿನ ಹತ್ತಿ ಕೊಳೆತು ನಾರುತ್ತದೆ. ಈ ಗಾದಿಯಲ್ಲಿ ಕಲೆ ಉದ್ದಕ್ಕೂ ಹರಡಿತ್ತು, ಕೊಳೆತ ಹತ್ತಿ ಒಂದು ಹಿಡಿಯೂ ಇರಲಿಲ್ಲ. ಮುದುಕಿಯನ್ನು ಹೊರಳಿಸಿದ್ದಾಳೆ, ಗಾದಿಯನ್ನು ತಿರುವಿ ಹಾಸಿದ್ದಾಳೆ, ಬಿಸಿಲಿಗೆ ಹಾಕಿದ್ದಾಳೆ, ಒಂದು ದಿನ ಬೇಸರಿಸಿದ್ದರೂ ಹತ್ತಿ ಹೇಳಿಬಿಡುತ್ತಿತ್ತು ಎಂದಳು.

ಸುಮಂಗಲಾ ಕೇಳಿದಳು: "ಇದನ್ನೆಲ್ಲ ವಿಡಿಯೋದಾಗ ಯಾಕ ಹೇಳಲಿಲ್ಲ ನೀನು?" ಫೋನು ಕಟ್ಟಾಯಿತು.

ಫರ್ಜಾನಾ ಮೊಬೈಲನ್ನು ದಿಂಬಿನ ರಾಶಿಗೆ ಒರಗಿಸಿ, ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು, ಮೊದಲ ಸಲ ತನ್ನ ಮುಖ ತೋರಿಸಿ ಕುಳಿತಳು. ಹಾಡಿಲ್ಲ, ಕತ್ತರಿಯಿಲ್ಲ. ಯಾರ ಮನೆಯ ಗಾದಿಯೆಂದು ಹೇಳದೆ, ಸುಮಂಗಲಾಗೆ ಹೇಳಿದ್ದನ್ನೇ ನಿಧಾನವಾಗಿ ಹೇಳಿದಳು. ಬಿಚ್ಚಿ ತೋರಿಸಿದ್ದು ತನ್ನದೇ ತಪ್ಪು ಎಂದೂ ಹೇಳಿದಳು. ಕೊನೆಗೆ ಅಂದಳು: "ಆ ಅಕ್ಕ ಅತ್ತೀನ ಭಾಳ ಚೊಲೋ ನೋಡ್ಕೊಂಡಾಳ. ನಾ ಕೈಯಾಗ ಹಿಡದು ನೋಡೀನಿ."

ಪಕ್ಕದಲ್ಲಿ ಕೂತಿದ್ದ ಚನ್ನವೀರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಅತ್ತೆಗೆ ಮಾತೇ ಇರಲಿಲ್ಲ, ಗಂಡ ಮೊದಲೇ ಬಾಯಿ ಬಿಟ್ಟು ಹೇಳುವವನಲ್ಲ, ನಾದಿನಿಯರು ಬರಲಿಲ್ಲ. ಆ ಒಂದು ಮಾತನ್ನು ಅಷ್ಟು ವರ್ಷಗಳಲ್ಲಿ ಯಾರೂ ಆಡಿರಲಿಲ್ಲ.

ಅವಳು ಕಣ್ಣೊರೆಸಿಕೊಂಡ ಮೇಲೆ, ಇದನ್ನು ಹಾಕಲೇ ಎಂದು ಫರ್ಜಾನಾ ಕೇಳಿದಳು. ಇಲ್ಲಿಯವರೆಗೆ ಮಾಡಿದ್ದರಲ್ಲಿ ನಾಲ್ಕು ಜನಕ್ಕೆ ತೋರಿಸಬೇಕೆಂದು ಅವಳಿಗೆ ಮನಸಾರೆ ಅನಿಸಿದ್ದು ಇದೊಂದೇ.

"ಬ್ಯಾಡವ್ವಾ. ಮತ್ತ ನಾಕು ಮಂದಿ ನಾಕು ಮಾತಾಡ್ತಾರ, ನನಗ ಸಾಕಾಗೈತಿ," ಎಂದಳು ಚನ್ನವೀರಮ್ಮ, ಚೀಲದಿಂದ ತನ್ನ ಮೊಬೈಲು ತೆಗೆಯುತ್ತ. "ನನಗೊಬ್ಬಾಕಿಗೆ ಕಳಿಸು."