ಎರಡು ಕಲ್ಲಿನ ಮಂಚ

ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದರೆ ಮೂಗಿಗೆ ಬಡಿದದ್ದು ಸೈಕಲ್ ಚೈನಿಗೆ ಹಾಕುವ ಎಣ್ಣೆಯ ವಾಸನೆ. ಕಾರು ನಿಲ್ಲಿಸುವ ಜಾಗದಲ್ಲಿ ಹಳೆಯ ಪೇಪರ್ ಹಾಸಿಕೊಂಡು, ಮೋಟು ಮಣೆಯ ಮೇಲೆ ಕುಳಿತು, ನಮ್ಮ ಅತ್ತೆ ತಮ್ಮ ಸೈಕಲ್ಲಿನ ಚೈನಿಗೆ ಹನಿಹನಿಯಾಗಿ ಎಣ್ಣೆ ಬಿಡುತ್ತಿದ್ದರು. ಇದರಲ್ಲಿ ಗಾಬರಿಯಾಗುವಂಥದ್ದೇನಿದೆ ಎನ್ನುತ್ತೀರಿ. ಎದುರು ಮನೆಯ ಅಂಗಳದಲ್ಲಿ ಆ ಹೊತ್ತಿಗೆ ಶಾಮಿಯಾನ ಏಳುತ್ತಿತ್ತು. ಸೆಲ್ವಿಯಕ್ಕನ ಗಂಡ ಹಿಂದಿನ ದಿನ ತೀರಿಕೊಂಡಿದ್ದರು. ಸೆಲ್ವಿಯಕ್ಕ ಅಂದರೆ ಅತ್ತೆಗೆ ಈ ಊರಿನಲ್ಲಿ ಸಿಕ್ಕ ಒಬ್ಬಳೇ ಗೆಳತಿ. ಅಂಥವರ ಮನೆಯಲ್ಲಿ ಸಾವು, ಇಲ್ಲಿ ಸೈಕಲ್ ಸೇವೆ!

"ಅತ್ತೆ, ಇವತ್ತೇ ಆಗ್ಬೇಕಾ ಇದು?" ಎಂದೆ.

"ಕೈಗೆ ಎಂತಾದ್ರೂ ಕೆಲಸ ಬೇಕಲ್ಲ ಮಾರಾಯ್ತಿ" ಎಂದರು. ತಲೆ ಎತ್ತಲಿಲ್ಲ.

ಆ ಎಣ್ಣೆಯ ವಾಸನೆ ನನ್ನನ್ನು ಎಳೆದುಕೊಂಡು ಹೋದದ್ದು ಇಟಲಿಯ ಒಂದು ಗುಡ್ಡಕ್ಕೆ. ಅಲ್ಲಿಗೆ ಹೋಗುವ ಮೊದಲು ನಿಮಗೆ ನಮ್ಮ ಮಾವನವರ ಪರಿಚಯ ಆಗಬೇಕು.

ಮಾವ ಉಡುಪಿಯ ಕಡೆ ಶಾಲೆಯಲ್ಲಿ ಮೇಷ್ಟರಾಗಿದ್ದವರು. ನಿವೃತ್ತಿಯಾದ ಮೇಲೆ ಇಬ್ಬರೂ ಇಲ್ಲಿ ಮಲೇಷ್ಯಾದ ಸೈಬರ್‌ಜಯಾಕ್ಕೆ ನಮ್ಮ ಜೊತೆಗೆ ಇರಲು ಬಂದರು. ಇದು ಕಾಲಿದ್ದವರ ಊರಲ್ಲ, ಕಾರಿದ್ದವರ ಊರು. ಹಾಲು ತರುವುದಕ್ಕೂ ಕಾರು, ವಾಕಿಂಗ್ ಹೋಗುವ ಜಾಗಕ್ಕೂ ಕಾರು. ಕೆರೆಯ ಸುತ್ತ ಮಾಡಿಟ್ಟ ಸೈಕಲ್ ದಾರಿ ಮಾತ್ರ ಯಾರೂ ಇಲ್ಲದೆ ಭಣಗುಟ್ಟುತ್ತಿತ್ತು. ಮಾವ ಅದನ್ನು ನೋಡಿದ್ದೇ ತಡ, ಎರಡು ಸೈಕಲ್ ತಂದರು. ಹುಟ್ಟಿದ ಮೇಲೆ ಒಮ್ಮೆಯೂ ಸೈಕಲ್ ಮುಟ್ಟದ ಅತ್ತೆಗೆ ಅರವತ್ತು ದಾಟಿದ ಮೇಲೆ ಪಾಠ ಶುರುವಾಯಿತು. ಅತ್ತೆ ಮುಂದೆ ಓಲಾಡುತ್ತಾ, ಮಾವ ಸೀಟು ಹಿಡಿದು ಹಿಂದೆ ಓಡುತ್ತಾ "ಬ್ರೇಕು, ಬ್ರೇಕು!" ಎಂದು ಕೂಗುವುದು, ಮೈಸೂರಿನ ಮರ್ಯಾದಸ್ಥ ಮನೆಯಿಂದ ಬಂದ ನಾನು ಯಾರಾದರೂ ಪರಿಚಯದವರು ನೋಡಿಯಾರೆಂದು ಕಾರಿನೊಳಗೆ ತಲೆ ತಗ್ಗಿಸಿ ಕೂರುವುದು. ಕೆಲವೇ ವಾರಗಳಲ್ಲಿ ಅತ್ತೆ ಮಾವನನ್ನು ಹಿಂದೆ ಹಾಕತೊಡಗಿದರು.

ಟಿ.ವಿ.ಯಲ್ಲಿ ಒಮ್ಮೆ ಇಟಲಿಯ ಹಳ್ಳಿಗಾಡನ್ನು ತೋರಿಸಿದರು. ಗುಡ್ಡದ ಮೇಲೆ ಗುಡ್ಡ, ನಡುವೆ ಸೈಕಲ್ ತುಳಿಯುತ್ತಾ ಹೋಗುವ ಮುದುಕ ಮುದುಕಿಯರು. "ನಾವೂ ಒಮ್ಮೆ ಹೋಗುವ" ಎಂದರು ಮಾವ. "ಅದೆಂತಕ್ಕೆ ಅಷ್ಟು ದೂರ, ಏರು ತುಳೀಲಿಕ್ಕೆ?" ಎಂದು ಅತ್ತೆ ಹುರುಳಿಕಾಯಿಯ ನಾರು ತೆಗೆಯುವುದನ್ನು ಮುಂದುವರಿಸಿದರು.

ಮಾವ ಹೋದದ್ದು ಒಂದು ಮಧ್ಯಾಹ್ನ, ಊಟಕ್ಕೆ ಕೂರುವ ಮೊದಲು. ಆಸ್ಪತ್ರೆಗೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಮರುದಿನ ಪುರೋಹಿತರು ಬಂದರು, ಗಂಡಸರು ಬಂದರು, ಮಾವನನ್ನು ವ್ಯಾನಿನಲ್ಲಿ ಮಲಗಿಸಿಕೊಂಡು ಹೋದರು. ನಾವು ಹೆಂಗಸರು ಗೇಟಿನವರೆಗೆ ಬಂದು ನಿಂತೆವು. ಆಮೇಲೆ ಮನೆ ತೊಳೆದು, ವಾಪಸು ಬರುವವರ ಸ್ನಾನಕ್ಕೆಂದು ಬಕೆಟ್ಟುಗಳಲ್ಲಿ ನೀರು ತುಂಬಿಸಿ ಕಾದೆವು. ನಮ್ಮಲ್ಲಿ ಹೆಂಗಸರು ಅಲ್ಲಿಗೆ ಹೋಗುವ ಪದ್ಧತಿಯಿಲ್ಲ. ಅದು ಯಾರೂ ಕೇಳುವ ವಿಷಯವೂ ಅಲ್ಲ. ಅತ್ತೆಯೂ ಕೇಳಲಿಲ್ಲ.

ವರ್ಷ ತುಂಬಿದ ಮೇಲೆ ಒಂದು ದಿನ ಚಪಾತಿ ಬಡಿಸುತ್ತಾ ಅತ್ತೆ "ನಾನು ಇಟಲಿಗೆ ಹೋಗ್ತೇನೆ. ಸೈಕಲ್ಲಲ್ಲಿ" ಎಂದರು. ನನ್ನ ಗಂಡ ಶ್ರೀಕಾಂತನ ಗಂಟಲಲ್ಲಿ ತುತ್ತು ಸಿಕ್ಕಿಕೊಂಡಿತು. ಬೆನ್ನು ತಟ್ಟಿ ನೀರು ಕುಡಿಸಿದ ಮೇಲೆ ಅವನು ಹೇಳಿದ ಮೊದಲ ಮಾತು "ನಂಗೆ ಲೀವ್ ಇಲ್ಲ, ಅಮ್ಮನ ಜೊತೆ ನೀನೇ ಹೋಗು." ಈಗ ಗಾಬರಿಯ ಸರದಿ ನನ್ನದಾಯಿತು. ಆಫೀಸಿನ ಪಾರ್ಕಿಂಗಿನಿಂದ ಲಿಫ್ಟಿನವರೆಗೆ ನಡೆಯುವುದನ್ನೇ ವ್ಯಾಯಾಮವೆಂದು ತಿಳಿದವಳು ನಾನು.

ಇಟಲಿಯ ಟಸ್ಕನಿ ಪ್ರಾಂತದ ದಕ್ಷಿಣ ಭಾಗದಲ್ಲಿ ನಮಗೆ ದಾರಿ ತೋರಿಸಲು ಸಿಕ್ಕವಳು ಲೂಚಿಯಾ ಎಂಬ ಹುಡುಗಿ. ಬ್ಯಾಟರಿ ಸೈಕಲ್ ಬೇಕಾ ಎಂದು ಕೇಳಿದಳು. ಅತ್ತೆ ಸಂಕೋಚವಿಲ್ಲದೆ ಬೇಕು ಎಂದರು. ನಾನು ಇನ್ನೂ ಚಿಕ್ಕ ವಯಸ್ಸಿನವಳು ಎಂಬ ಜಂಬದಲ್ಲಿ ಬೇಡ ಎಂದೆ. ಮೊದಲ ಏರಿನಲ್ಲೇ ಆ ಜಂಬ ಇಳಿಯಿತು. ಅತ್ತೆ ಮೇಲೆ ಹೋಗಿ ಆಲಿವ್ ಮರದ ನೆರಳಲ್ಲಿ ಕುಳಿತು, ಮಲೇಷ್ಯಾದಿಂದ ಕಟ್ಟಿ ತಂದ ಬ್ರಿಕ್‌ಫೀಲ್ಡ್ಸ್ ಅಂಗಡಿಯ ಕಡಲೆ ಚಿಕ್ಕಿ ತಿನ್ನುತ್ತಾ, ನಾನು ಸೈಕಲ್ ತಳ್ಳಿಕೊಂಡು ಬರುವುದನ್ನು ನೋಡುತ್ತಿದ್ದರು. "ನಿಧಾನಕ್ಕೆ ಬಾ, ಗುಡ್ಡ ಎಲ್ಲಿಗೂ ಓಡುದಿಲ್ಲ" ಎಂಬ ಸಮಾಧಾನ ಬೇರೆ.

ಆ ಗುಡ್ಡಗಳ ತಲೆಯ ಮೇಲೆಲ್ಲ ಒಂದೊಂದು ಊರು. ಲೂಚಿಯಾ ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಇನ್ನೊಂದು ಕೈ ಬೀಸುತ್ತಾ, ಈ ಗೋಡೆ ಎರಡು ಸಾವಿರ ವರ್ಷದ್ದು, ಆ ದಾರಿ ಅದಕ್ಕಿಂತ ಹಳೆಯದು, ರೋಮಿನವರಿಗೂ ಮೊದಲು ಇಲ್ಲಿದ್ದ ಎಟ್ರುಸ್ಕನ್ ಜನ ಬಂಡೆ ಕಡಿದು ಮಾಡಿದ್ದು ಎಂದು ಪಕ್ಕದ ಬೀದಿಯ ವಿಷಯ ಹೇಳುವ ಹಾಗೆ ಹೇಳುತ್ತಿದ್ದಳು. ನಮ್ಮ ಸೈಬರ್‌ಜಯಾದಲ್ಲಿ ನನಗೆ ಗೊತ್ತಿರುವ ಅತಿ ಪುರಾತನ ಸ್ಥಳವೆಂದರೆ ಬೀದಿ ಕೊನೆಯ ಮಾಮಕ್, ಅಂದರೆ ತಮಿಳು ಮುಸ್ಲಿಮರ ಚಹಾದಂಗಡಿ. ಅಲ್ಲಿ ಲೋಟದಿಂದ ಲೋಟಕ್ಕೆ ಚಹಾ ಎಳೆಯುವವನಿಗೆ ನಾವು ಬಂದ ವರ್ಷ ಮೀಸೆ ಕಪ್ಪಗಿತ್ತು, ಅಷ್ಟೇ ಇತಿಹಾಸ.

ಒಂದು ಮಧ್ಯಾಹ್ನ ನನ್ನ ಸೈಕಲ್ ಪಂಕ್ಚರ್ ಆಯಿತು. ಲೂಚಿಯಾ ರಸ್ತೆ ಬದಿಯಲ್ಲೇ ಚಕ್ರ ಬಿಚ್ಚಿ ಕುಳಿತಳು. ಬಿಸಿಲು ತಡೆಯಲಾರದೆ ನಾನೂ ಅತ್ತೆಯೂ ಬೆಳಗ್ಗೆ ತಪಾವ್ ಮಾಡಿ ಕಟ್ಟಿಕೊಂಡಿದ್ದ ಗೊಜ್ಜವಲಕ್ಕಿಯ ಡಬ್ಬಿ ಹಿಡಿದು ನೆರಳು ಹುಡುಕುತ್ತಾ ಗುಡ್ಡ ಹತ್ತಿದೆವು. ಗಿಡಗಂಟಿಗಳ ನಡುವೆ ಬಂಡೆಯಲ್ಲೇ ಕೊರೆದ ಒಂದು ಬಾಗಿಲು. ಮೇಲೆ ಸವೆದು ಹೋದ ಕೆತ್ತನೆ, ಒಳಗೆ ಇಳಿಯಲು ಮೆಟ್ಟಿಲು.

"ಗುಹೆಯ ದೇವಸ್ಥಾನ ಕಾಣ್ತದೆ" ಎಂದು ಅತ್ತೆ ಕೂಡಲೇ ಬೂಟು ಬಿಟ್ಟರು, ಕಾಲುಚೀಲವನ್ನೂ ಬಿಟ್ಟರು. ನಾನೂ ಬಿಟ್ಟೆ. ಒಳಗೆ ತಣ್ಣಗಿತ್ತು. ಎಡಕ್ಕೊಂದು ಬಲಕ್ಕೊಂದು ಕಲ್ಲಿನ ಮಂಚ, ಅದೇ ಕಲ್ಲಿನಲ್ಲಿ ಕಡೆದ ದಿಂಬು.

"ದೇವರೇ ಇಲ್ವಲ್ಲ ಅತ್ತೆ?"

"ಯಾರೋ ವಿಗ್ರಹ ಹೊತ್ತುಕೊಂಡು ಹೋಗಿರ್ಬೇಕು, ಪಾಪ" ಎಂದು ಅವರು ಬರಿಯ ಗೋಡೆಗೆ ಕೈ ಮುಗಿದರು. ಹೇಗೂ ಬಂದದ್ದಾಯಿತು ಎಂದು ನಾನೂ ನನ್ನ ಮಂಡಿಗಳ ಕ್ಷೇಮಕ್ಕಾಗಿ ಬೇಡಿಕೊಂಡೆ. ಆಮೇಲೆ ಎದುರುಬದುರು ಮಂಚಗಳಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು ಗೊಜ್ಜವಲಕ್ಕಿ ತಿಂದೆವು. ಅಷ್ಟು ರುಚಿಯಾದ ಊಟ ಆ ಪ್ರವಾಸದಲ್ಲೇ ಮಾಡಿರಲಿಲ್ಲ. ಅತ್ತೆ ಆ ಕಲ್ಲುದಿಂಬಿಗೆ ಸ್ವಲ್ಪ ಹೊತ್ತು ತಲೆಯನ್ನೂ ಕೊಟ್ಟರು.

ಕೈತುಂಬ ಚೈನಿನ ಎಣ್ಣೆ ಮೆತ್ತಿಕೊಂಡು ಬಂದ ಲೂಚಿಯಾ ಬಾಗಿಲಲ್ಲೇ ನಿಂತುಬಿಟ್ಟಳು. ಆಮೇಲೆ ನಕ್ಕಳು. ಇದು ಗುಡಿಯಲ್ಲ, ಸಮಾಧಿ ಎಂದಳು. ನೀವು ಕುಳಿತಿದ್ದೀರಲ್ಲ, ಹೆಣ ಮಲಗಿಸುತ್ತಿದ್ದದ್ದು ಅಲ್ಲೇ.

ನಾನು ಎದ್ದ ರಭಸಕ್ಕೆ ತಲೆ ಮೇಲಿನ ಬಂಡೆಗೆ ಬಡಿಯಿತು. ಸಾವಿನ ಮನೆಗೆ ಹೋಗಿ ಎರಡು ಮಾತಾಡಿ ಬಂದರೂ ಹಿತ್ತಿಲಲ್ಲಿ ಸ್ನಾನ ಮಾಡಿಯೇ ಒಳಗೆ ಬರುವ ಮನೆತನ ನಮ್ಮದು. ಅಂಥ ನಾನು ಹೆಣದ ಮಂಚದ ಮೇಲೆ ಕೂತು ಬೆರಳು ನೆಕ್ಕಿದ್ದೆ! ಹೊರಗೆ ಓಡಿ, ಕುಡಿಯುವ ನೀರಿನ ಬಾಟಲಿಯನ್ನು ತಲೆಯ ಮೇಲೆ ಸುರಿದುಕೊಂಡೆ. ಅತ್ತೆಯ ಗತಿಯೇನು, ಅಲ್ಲೇ ಕುಸಿದುಬಿದ್ದರೆ ಏನು ಮಾಡಲಿ ಎಂದು ತಿರುಗಿ ನೋಡಿದರೆ ಅತ್ತೆ ಕೂತಲ್ಲಿಂದ ಕದಲಿರಲಿಲ್ಲ.

"ಎರಡು ಮಂಚ ಎಂತಕ್ಕಂತೆ? ಕೇಳು" ಎಂದರು.

ಕೇಳಿದೆ. ಒಂದು ಗಂಡನಿಗೆ, ಒಂದು ಹೆಂಡತಿಗೆ ಎಂದಳು ಲೂಚಿಯಾ.

"ಇಬ್ರೂ ಒಟ್ಟಿಗೆ ಸಾಯ್ಲಿಕ್ಕಿಲ್ಲ ಅಲ್ವಾ? ಗಂಡ ಮೊದಲು ಹೋದ್ರೆ, ಹೆಂಡತಿ ಇದರ ಒಳಗಿನವರೆಗೆ ಬರ್ತಿದ್ಲಾ?"

ಅದನ್ನೂ ಇಂಗ್ಲಿಷಿಗೆ ತಿರುಗಿಸಿ ಕೇಳಿದೆ. ಲೂಚಿಯಾಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ಅವಳಲ್ಲದೆ ಇನ್ಯಾರು ಬರುತ್ತಾರೆ ಎಂದಳು.

ಈ ಮಾತನ್ನು ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅವರು ಬಹಳ ಹೊತ್ತು ಕಲ್ಲಿನ ದಿಂಬನ್ನು ಸವರುತ್ತಾ ಇದ್ದರು.

"ನನ್ನನ್ನು ಯಾರೂ ಕರೀಲಿಲ್ಲ ಮಾರಾಯ್ತಿ" ಎಂದರು. "ಇವ್ರನ್ನು ಎಲ್ಲಿಗೆ ಕೊಂಡುಹೋದ್ರು, ಅದು ಎಂತ ಜಾಗ, ಅಲ್ಲಿ ಮರ ಉಂಟಾ, ನೆರಳುಂಟಾ, ನಂಗೊತ್ತಿಲ್ಲ. ಕಣ್ಣು ಮುಚ್ಚಿದ್ರೆ ನಮ್ಮ ಗೇಟಿನವರೆಗೆ ಹೋಗ್ತೇನೆ. ಅದರ ಮುಂದೆ ಎಂತದೂ ಕಾಣುದಿಲ್ಲ."

ಸಮಾಧಿಯಲ್ಲಿ ಊಟ ಮಾಡಿದ ಆಘಾತ ಆ ಮಾತಿನ ಮುಂದೆ ಏನೂ ಅಲ್ಲ ಎನಿಸಿತು. ತಲೆಯಿಂದ ನೀರು ಇಳಿಯುತ್ತಿತ್ತು, ನಾನು ಒರೆಸಿಕೊಳ್ಳಲಿಲ್ಲ. ಒಂದೇ ಮನೆಯಲ್ಲಿ, ಒಂದೇ ಅಡಿಗೆಮನೆಯಲ್ಲಿ ಇವರ ಪಕ್ಕದಲ್ಲಿ ನಿಂತು ವರ್ಷವಿಡೀ ಒಗ್ಗರಣೆ ಹಾಕಿದ್ದೆ. ಅತ್ತೆ ಚೇತರಿಸಿಕೊಂಡರು, ಗಟ್ಟಿಗಿತ್ತಿ ಎಂದು ಫೋನಿನಲ್ಲಿ ಎಲ್ಲರಿಗೂ ಹೇಳಿದ್ದೆ. ಅವರು ಗೇಟಿನಲ್ಲೇ ನಿಂತಿದ್ದಾರೆ ಎಂದು ನನಗೆ ಹೊಳೆದೇ ಇರಲಿಲ್ಲ.

ಅತ್ತೆ ಎದ್ದು, ಚೆಲ್ಲಿದ್ದ ಅವಲಕ್ಕಿಯನ್ನು ಸೆರಗಿಲ್ಲದ್ದರಿಂದ ಟೀ ಶರ್ಟಿನ ಅಂಚಿನಿಂದ ಒರೆಸಿ ಮಂಚ ಸ್ವಚ್ಛ ಮಾಡಿದರು. ಇಳಿಜಾರಿನಲ್ಲಿ ಅವತ್ತು ಅವರು ಬ್ರೇಕು ಹಿಡಿದದ್ದು ನಾನು ನೋಡಲಿಲ್ಲ. ಮನೆಗೆ ಬಂದ ಮೇಲೆ ಶ್ರೀಕಾಂತನಿಗೆ ಫೋಟೋ ತೋರಿಸಿದರು, ಗುಡ್ಡದ ಕಥೆ ಹೇಳಿದರು. ಆ ಮಾತನ್ನು ಮತ್ತೆ ಎತ್ತಲಿಲ್ಲ.

ಈ ಭಾನುವಾರ ಎಣ್ಣೆಯ ಕೈ ತೊಳೆದು, ಅತ್ತೆ ನನ್ನ ಜೊತೆ ಎದುರು ಮನೆಗೆ ಬಂದರು. ಪೂಜೆ ಮುಗಿಯಿತು. ಗಂಡಸರು ಸೆಲ್ವಿಯಕ್ಕನ ಗಂಡನನ್ನು ವ್ಯಾನಿಗೆ ಏರಿಸಿದರು. ಶ್ರೀಕಾಂತನೂ ಅವರ ಜೊತೆ ಹತ್ತಿದ. ವ್ಯಾನಿನ ಬಾಗಿಲು ಮುಚ್ಚಿತು. ಸೆಲ್ವಿಯಕ್ಕನನ್ನು ನಾಲ್ಕು ಹೆಂಗಸರು ಗೇಟಿನಲ್ಲಿ ಹಿಡಿದುಕೊಂಡಿದ್ದರು.

ವ್ಯಾನು ತಿರುವಿನಲ್ಲಿ ಮರೆಯಾಗುವಾಗ ಅತ್ತೆ ಅವಳ ಹತ್ತಿರ ಹೋಗಿ ತಮ್ಮ ಹರಕುಮುರುಕು ತಮಿಳಿನಲ್ಲಿ ಕೇಳಿದರು. "ಸೆಲ್ವಿ, ನಿನಗೆ ಪೋಗಣುಮಾ?" ಹೋಗಬೇಕಾ ನಿನಗೆ?

ಹಿರಿಯ ಹೆಂಗಸೊಬ್ಬರು "ಅಯ್ಯೋ, ಅದು ಪಳಕ್ಕಂ ಇಲ್ಲಮ್ಮಾ, ನಮ್ಮಲ್ಲಿ ಹಾಗೆಲ್ಲ ಮಾಡೋದಿಲ್ಲ" ಎಂದರು. ಅತ್ತೆ ಅವರ ಕಡೆ ನೋಡಲಿಲ್ಲ. ಸೆಲ್ವಿಯಕ್ಕ ಮೊದಲು ಬೇಡವೆಂಬಂತೆ ತಲೆಯಾಡಿಸಿದಳು, ಆಮೇಲೆ ಬಿಕ್ಕುತ್ತಾ "ಪೋಗಣುಂ ಅಕ್ಕಾ" ಎಂದಳು.

"ಕಾರು ತೆಗಿ" ಎಂದರು ಅತ್ತೆ ನನಗೆ.

ತೆಗೆದೆ. ದಾರಿ ಗೊತ್ತಿಲ್ಲದೆ ಫೋನಿನಲ್ಲಿ ಹುಡುಕಿಕೊಂಡು ಹೋದೆ. ಚಿತಾಗಾರವೆಂದರೆ ಅದೊಂದು ಮಾಮೂಲಿ ಕಟ್ಟಡ. ಮುಂದೆ ಪಾರ್ಕಿಂಗ್, ಪಕ್ಕದಲ್ಲಿ ಒಂದು ದೊಡ್ಡ ಮಳೆಮರ. ಅತ್ತೆ ಇಳಿದವರೇ ಮೊದಲು ಆ ಮರವನ್ನು ನೋಡಿದರು.

ನಮ್ಮನ್ನು ಕಂಡು ಗಂಡಸರೆಲ್ಲ ತಿರುಗಿ ನೋಡಿದರು. ಸೆಲ್ವಿಯಕ್ಕನ ಮಗ ಒಂದು ಗಳಿಗೆ ಕಣ್ಣು ಬಿಟ್ಟುಕೊಂಡು ನೋಡಿದ. ಆಮೇಲೆ ಬಂದು ತಾಯಿಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದ. ಶ್ರೀಕಾಂತ ಮುಖ ಬಿಳಿಚಿಕೊಂಡು ಓಡಿಬಂದ.

"ಅಮ್ಮಾ, ನೀನೆಂತಕ್ಕೆ ಬಂದದ್ದು ಇಲ್ಲಿಗೆ?"

"ಅಪ್ಪನ್ನ ತಂದದ್ದೂ ಇಲ್ಲಿಗೇನಾ ಶ್ರೀ?"

ಅವನು ನನ್ನ ಮುಖ ನೋಡಿದ. ಹೌದು ಎಂದು ತಲೆಯಾಡಿಸಿದ.

"ಯಾವ ಬಾಗಿಲು?"

ಒಳಗೆ ಉದ್ದನೆಯ ಹಜಾರ, ಅದರ ಕೊನೆಯಲ್ಲಿ ಸಾಲಾಗಿ ಸುಡುವ ಗೂಡುಗಳ ಕಬ್ಬಿಣದ ಬಾಗಿಲುಗಳು. ಶ್ರೀಕಾಂತ ಕೈ ಎತ್ತಿ ಎಡಗಡೆಯ ಕೊನೆಯದನ್ನು ತೋರಿಸಿದ. ಅತ್ತೆ ಬಗ್ಗಿ ಚಪ್ಪಲಿ ಬಿಟ್ಟರು. ಒಬ್ಬರೇ ಹೋಗಿ ಆ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತರು.

ಮನೆಗೆ ಮರಳಿದಾಗ ಚೈನಿನ ಎಣ್ಣೆಯ ವಾಸನೆ ಇನ್ನೂ ಅಲ್ಲೇ ಇತ್ತು. ಸ್ನಾನಕ್ಕೆ ನೀರು ತುಂಬಿಸಿಟ್ಟು ಕಾಯುವವರು ಈ ಸಲ ಮನೆಯಲ್ಲಿ ಯಾರೂ ಇರಲಿಲ್ಲ. ನಾನೂ ಅತ್ತೆಯೂ ಹೊರಗೆ ಸೈಕಲ್ಲಿನ ಪಕ್ಕ ನಿಂತೆವು. ಶ್ರೀಕಾಂತ ಹಿತ್ತಿಲಿಗೆ ಹೋಗಿ, ನಲ್ಲಿ ತಿರುಗಿಸಿ, ಅಮ್ಮನಿಗೆಂದು ಬಕೆಟ್ಟಿಗೆ ನೀರು ಬಿಟ್ಟ.